ವಾಹನದ ವಿದ್ಯುತ್ತು: ಒತ್ತಡವೆಷ್ಟು, ಪ್ರವಾಹವೆಷ್ಟು?

ಕಬ್ಬು ನುರಿಸುವ ಹಂಗಾಮಿನ ಒಂದು ಮುಂಜಾವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಸ್ಥಳ, ವಿಜಯಪುರದ ಸುತ್ತಣ ತಿಕೋಟಾ–ಬಬಲೇಶ್ವರ ಸೀಮೆಯ ಜೈನಾಪುರ. ಹಿಂದಿನ ದಿನ ಕಡಿದ ಕಬ್ಬನ್ನು ಹೇರಿದ ಟ್ರೇಲರು ಹೊಲದ ಬದುವಿನ ಬಳಿ ನಿಂತಿದೆ. ಕಡಿದ ಕಬ್ಬು ಹೊತ್ತು ಕಳೆದಂತೆಲ್ಲ ಒಣಗಿ ತೂಕ ಕಳೆದುಕೊಳ್ಳುತ್ತದೆ. ಅದರ ರಸದಲ್ಲಿರುವ ಸುಕ್ರೋಸು ಒಡೆದು ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗಿ ಮಾರ್ಪಡತೊಡಗುತ್ತದೆ. ಆದುದರಿಂದ ತಡಮಾಡದೆ ಅದನ್ನು ಕಾರ್ಖಾನೆಗೆ ಮುಟ್ಟಿಸಬೇಕು. ರೈತನು ಟ್ರ್ಯಾಕ್ಟರನ್ನೇರಿ ಕೀಲಿಯನ್ನು ತಿರುಗಿಸುತ್ತಾನೆ. ‘ಕಟ್’ ಎಂಬ ಒಂದೇ ಸದ್ದು, ಮತ್ತೆ ಮೌನ. ಮತ್ತೊಮ್ಮೆ ತಿರುಗಿಸಿದರೂ ಅಷ್ಟೆ.

ಅವನ ಅಣ್ಣನ ಮಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವವನು. ಮೀಟರನ್ನು ತಂದು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿ ನೋಡುತ್ತಾನೆ.

“ಕಾಕಾ, ಹನ್ನೆರಡೂವರೆಗಿಂತ ಜಾಸ್ತಿನ ತೋರಸ್ತೈತ್ರಿ. ಬ್ಯಾಟ್ರಿ, ವೈರಿಂಗ್ ಎಲ್ಲಾ ಚಲೋ ಅದಾವ.”

“ಎಲ್ಲಾ ಚಲೋ ಇದ್ರ ಗಾಡಿ ಯಾಕ ಚಾಲೂ ಆಗವಲ್ದು, ತಮ್ಮಾ? ಹೆಡ್‌ಲೈಟ್ ನೋಡು, ಝಗಝಗ ಉರಿತಾವ. ಅಂದ್ರ ಸೆಲ್ಫ್ ಸುಟ್ಟಿರಬೇಕು. ಬಿಚ್ಚಿ ಬಿಜಾಪುರಕ್ಕ ಒಯ್ಯೂಣು ನಡಿ.”

ಇಂತಹ ಪ್ರಸಂಗವನ್ನು ಕಾಣದ ಊರು ವಿರಳ. ಸೆಲ್ಫ್ ಮೋಟಾರನ್ನು ಬಿಚ್ಚಿ ನಗರಕ್ಕೊಯ್ದರೆ ಒಂದು ದಿನವೂ ಸಾವಿರಾರು ರೂಪಾಯಿಯೂ ಹೋದೀತು. ಬದುವಿನಲ್ಲಿ ಕಬ್ಬು ಒಣಗೀತು. ಮೋಟಾರು ನಿರ್ದೋಷಿಯಾಗಿದ್ದರೆ ಆ ವೆಚ್ಚವೆಲ್ಲ ವ್ಯರ್ಥವೇ ಸರಿ. ಮೇಲಿನ ಇಬ್ಬರ ಮಾತುಗಳು ಬೇರೆಬೇರೆಯಾಗಿ ಕಂಡರೂ ಅವುಗಳಲ್ಲಿ ಅಡಗಿರುವ ತಪ್ಪು ಒಂದೇ. ವೋಲ್ಟು ಇದ್ದಲ್ಲಿ ಬೇಕಾದಷ್ಟು ಪ್ರವಾಹವೂ ಇದ್ದೇ ಇರುತ್ತದೆಂದು ಇಬ್ಬರೂ ನಂಬಿದ್ದಾರೆ. ಈ ನಂಬಿಕೆ ಏಕೆ ಸರಿಯಲ್ಲವೆಂಬುದನ್ನೂ, ನಿಜವಾದ ದೋಷವನ್ನು ಹುಡುಕುವ ಬಗೆಯನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಒತ್ತಡ ಬೇರೆ, ಹರಿವು ಬೇರೆ

ವಿಜಯಪುರಕ್ಕೆ ಹೋದವರು ಅಲ್ಲಿಯ ಹಳೆಯ ನೀರಿನ ಗೋಪುರಗಳನ್ನು ನೋಡಿರಬಹುದು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ೧೬೫೧ರಲ್ಲಿ, ನಿರ್ಮಾಣವಾದ ಬೇಗಂ ತಲಾಬಿನಿಂದ ನಗರಕ್ಕೆ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡವು ಅವುಗಳಲ್ಲಿ ತಗ್ಗಿ, ಕೊಳವೆಗಳು ಒಡೆಯದೆ ಉಳಿಯುತ್ತಿದ್ದುವು. ನೀರು ಹರಿಯದೆ ನಿಂತಿದ್ದರೂ ಕೊಳವೆಯನ್ನು ಒತ್ತುತ್ತಲೇ ಇರುತ್ತದೆಂಬುದನ್ನು ಅಂದಿನ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರು. ಹರಿವು ಇಲ್ಲದೆಯೂ ಒತ್ತಡವಿರಬಲ್ಲದು. ಇದು ನಮ್ಮ ಮೊದಲನೆಯ ಪಾಠ.

ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ಹೋಲುವುದು ವಿಭವಾಂತರ. ಇದರ ಮಾನವೇ ವೋಲ್ಟು. ಒಂದು ಕೂಲಂಬ್ ವಿದ್ಯುದಾವೇಶವನ್ನು ಒಂದು ಬಿಂದುವಿನಿಂದ ಮತ್ತೊಂದಕ್ಕೆ ಸಾಗಿಸುವಾಗ ಒಂದು ಜೂಲ್ ಕೆಲಸ ನಡೆದರೆ ಆ ಎರಡು ಬಿಂದುಗಳ ನಡುವಣ ವಿಭವಾಂತರ ಒಂದು ವೋಲ್ಟು. ‘ಎರಡು ಬಿಂದುಗಳ ನಡುವಣ’ ಎಂಬ ಮಾತನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು. ಒಂದೇ ಬಿಂದುವಿನ ವೋಲ್ಟೇಜು ಎಂಬುದಕ್ಕೆ ಅರ್ಥವಿಲ್ಲ.

ಹರಿವಿಗೆ ಹೋಲುವುದು ವಿದ್ಯುತ್ ಪ್ರವಾಹ. ಇದರ ಮಾನ ಆಂಪಿಯರ್. ತಂತಿಯ ಯಾವುದೊಂದು ಅಡ್ಡಕೊಯ್ತವನ್ನು ಸೆಕೆಂಡಿಗೆ ಒಂದು ಕೂಲಂಬ್ ಆವೇಶ ದಾಟಿದರೆ ಅದು ಒಂದು ಆಂಪಿಯರ್. ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟ ಸಂಖ್ಯೆಯ ಆರು ಪಟ್ಟಿಗೂ ಮಿಕ್ಕ ಎಲೆಕ್ಟ್ರಾನುಗಳು ಪ್ರತಿ ಸೆಕೆಂಡೂ ದಾಟುತ್ತವೆ. ಹರಿವಿಗೆ ತಡೆಯೊಡ್ಡುವ ಗುಣಕ್ಕೆ ರೋಧವೆಂದು ಹೆಸರು. ಇದರ ಮಾನ ಓಮ್.

ಇನ್ನು ಎರಡನೆಯ ಪಾಠಕ್ಕೆ ದ್ರಾಕ್ಷಿ ತೋಟಕ್ಕೆ ಹೋಗೋಣ. ತಿಕೋಟಾದ ಕಡೆ ದ್ರಾಕ್ಷಿಯ ಹನಿ ನೀರಾವರಿಯನ್ನು ನೋಡದವರಿಲ್ಲ. ಪಂಪಿನಿಂದ ಬಂದ ನೀರು ಮೊದಲು ಫಿಲ್ಟರನ್ನು ದಾಟಿ ಅನಂತರ ತೋಟದ ಕೊಳವೆಗಳಿಗೆ ಹೋಗುತ್ತದೆ. ಫಿಲ್ಟರಿನ ಹಿಂದೊಂದು, ಮುಂದೊಂದು ಒತ್ತಡದ ಗೇಜು ಇರುತ್ತವೆ. ತೋಟದ ವಾಲ್ವನ್ನು ಪೂರ್ತಿ ಮುಚ್ಚಿದಾಗ ಎರಡು ಗೇಜುಗಳೂ ಒಂದೇ ಒತ್ತಡವನ್ನು ತೋರಿಸುತ್ತವೆ. ಫಿಲ್ಟರು ಎಷ್ಟೇ ಕಟ್ಟಿಕೊಂಡಿರಲಿ, ಅದರಲ್ಲೊಂದು ಸಣ್ಣ ರಂಧ್ರ ಉಳಿದಿದ್ದರೂ ಸಾಕು, ನಿಂತ ನೀರಿನ ಒತ್ತಡ ಎರಡು ಕಡೆಗೂ ಸಮನಾಗುತ್ತದೆ. ವಾಲ್ವನ್ನು ತೆರೆದು ನೀರು ಹರಿಯಲು ಬಿಟ್ಟೊಡನೆಯೇ ಗುಟ್ಟು ಬಯಲಾಗುತ್ತದೆ. ಹಿಂದಿನ ಗೇಜು ಮೇಲೆಯೇ ನಿಲ್ಲುತ್ತದೆ. ಮುಂದಿನ ಗೇಜು ಕೆಳಗಿಳಿಯುತ್ತದೆ. ಇವೆರಡರ ಅಂತರವನ್ನು ಕಂಡೇ ರೈತನು ಫಿಲ್ಟರನ್ನು ತೊಳೆಯುವ ಹೊತ್ತು ಬಂದಿತೆಂದು ತಿಳಿಯುತ್ತಾನೆ.

ದಾರಿಯಲ್ಲಿರುವ ಅಡಚಣೆ ಹರಿವು ಇದ್ದಾಗ ಮಾತ್ರ ತನ್ನನ್ನು ತೋರಿಸಿಕೊಳ್ಳುತ್ತದೆ. ಇದೇ ಎರಡನೆಯ ಪಾಠ. ವಾಹನದ ವಿದ್ಯುತ್ ದೋಷಗಳನ್ನು ಹುಡುಕುವ ವಿದ್ಯೆಯ ಬಹುಭಾಗ ಈ ಒಂದು ಮಾತಿನಲ್ಲಿಯೇ ಅಡಗಿದೆ.

ಓಮನು ಎಡವಿದ ಕಲ್ಲು

ವಿಭವಾಂತರ, ಪ್ರವಾಹ, ರೋಧ ಇವು ಮೂರಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವನು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಅವನು ಕಲೋನ್ ನಗರದ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ೧೮೨೫ರಲ್ಲಿ ಅವನು ನಡೆಸಿದ ಮೊದಲ ಪ್ರಯೋಗಗಳಿಂದ ಸರಿಯಾದ ನಿಯಮ ದೊರೆಯಲಿಲ್ಲ. ಅವನು ಬಳಸಿದ ವೋಲ್ಟಾನ ಬಗೆಯ ವಿದ್ಯುತ್ಕೋಶದ ಬಲವು ಪ್ರವಾಹ ಹರಿದಂತೆಲ್ಲ ಕುಗ್ಗುತ್ತಿದ್ದುದೇ ಇದಕ್ಕೆ ಕಾರಣ. ಅನಂತರ ಪೊಗೆಂಡಾರ್ಫನ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಸ್ಥಿರವಾದ ವಿಭವಾಂತರವನ್ನು ಪಡೆದನು. ಆಗ ನಿಯಮವು ಸ್ಪಷ್ಟವಾಯಿತು. ೧೮೨೭ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ನಾವು ಇಂದು ಬರೆಯುವ ರೂಪದಲ್ಲಿ ಅದು ಹೀಗಿದೆ:

ವಿಭವಾಂತರ (ವೋಲ್ಟು) = ಪ್ರವಾಹ (ಆಂಪಿಯರ್) × ರೋಧ (ಓಮ್)

ಓಮನನ್ನು ಮೊದಲು ಎಡವಿಸಿದ ಸಂಗತಿಯೇ ನಮ್ಮ ವಿದ್ಯಾರ್ಥಿಯನ್ನೂ ಎಡವಿಸಿದೆ. ಕೆಲಸವಿಲ್ಲದೆ ಕುಳಿತ ವಿದ್ಯುತ್ಕೋಶ ತೋರುವ ವೋಲ್ಟು ಬೇರೆ; ಪ್ರವಾಹವನ್ನು ಕೊಡುತ್ತಿರುವಾಗ ತೋರುವ ವೋಲ್ಟು ಬೇರೆ. ಪ್ರತಿಯೊಂದು ವಿದ್ಯುತ್ಕೋಶದ ಒಳಗೂ ಸ್ವಲ್ಪ ರೋಧವಿದೆ. ಇದಕ್ಕೆ ಆಂತರಿಕ ರೋಧವೆಂದು ಹೆಸರು.

ಇದನ್ನು ಒಂದು ಪ್ರಶ್ನೆಯಿಂದ ತಿಳಿಯಬಹುದು. ಪೆನ್ಸಿಲ್ ಸೆಲ್ ಒಂದರ ವಿಭವಾಂತರ ೧.೫ ವೋಲ್ಟು. ಎಂಟು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ೧೨ ವೋಲ್ಟು ಬರುತ್ತದೆ. ಇವುಗಳಿಂದ ಟ್ರ್ಯಾಕ್ಟರನ್ನು ಚಾಲೂ ಮಾಡಬಹುದೆ? ಸಾಧ್ಯವಿಲ್ಲವೆಂದು ಚಿಕ್ಕ ಬಾಲಕನೂ ಹೇಳಿಯಾನು, ಆದರೆ ಕಾರಣವೇನು? ಒಂದು ಹೊಸ ಸೆಲ್ಲಿನ ಆಂತರಿಕ ರೋಧವನ್ನು ೦.೨ ಓಮ್ ಎಂದು ಹಿಡಿದರೆ ಎಂಟಕ್ಕೆ ೧.೬ ಓಮ್ ಆಯಿತು. ಎರಡು ಕೊನೆಗಳನ್ನು ನೇರವಾಗಿ ಜೋಡಿಸಿದರೂ ೧೨ನ್ನು ೧.೬ರಿಂದ ಭಾಗಿಸಿದಷ್ಟು, ಎಂದರೆ ೭.೫ ಆಂಪಿಯರಿಗಿಂತ ಹೆಚ್ಚು ಪ್ರವಾಹ ಹುಟ್ಟಲಾರದು. ಸೆಲ್ಫ್ ಮೋಟಾರಿಗೆ ಬೇಕಾದುದು ಇನ್ನೂರು ಆಂಪಿಯರ್ ಅಥವಾ ಅದಕ್ಕೂ ಮಿಗಿಲು. ಸೀಸ–ಆಮ್ಲದ ಬ್ಯಾಟರಿಯ ಆಂತರಿಕ ರೋಧವಾದರೋ ಓಮಿನ ನೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಫ್ರಾನ್ಸಿನ ಪ್ಲಾಂಟೆ ೧೮೫೯ರಲ್ಲಿ ರಚಿಸಿದ ಈ ಬ್ಯಾಟರಿ ಇಂದಿಗೂ ವಾಹನಗಳನ್ನು ಬಿಟ್ಟುಹೋಗದಿರುವುದಕ್ಕೆ ಈ ಗುಣವೂ ಒಂದು ಮುಖ್ಯ ಕಾರಣ.

ಟ್ರ್ಯಾಕ್ಟರಿನ ಲೆಕ್ಕ

ಈಗ ಜೈನಾಪುರದ ಟ್ರ್ಯಾಕ್ಟರಿಗೆ ಹಿಂದಿರುಗೋಣ. ಲೆಕ್ಕವನ್ನು ಸರಳಗೊಳಿಸುವ ಸಲುವಾಗಿ, ಎಂಜಿನನ್ನು ತಿರುಗಿಸಲು ಹವಣಿಸುವ ಸೆಲ್ಫ್ ಮೋಟಾರನ್ನು ೦.೦೫ ಓಮಿನ ರೋಧವೆಂದು ಎಣಿಸೋಣ. ಬ್ಯಾಟರಿಯ ವಿಭವಾಂತರ ೧೨.೬ ವೋಲ್ಟು, ಅದರ ಆಂತರಿಕ ರೋಧ ೦.೦೧ ಓಮ್ ಇರಲಿ.

ದಾರಿಯೆಲ್ಲ ಸ್ವಚ್ಛವಾಗಿದ್ದರೆ ಒಟ್ಟು ರೋಧ ೦.೦೬ ಓಮ್. ಹರಿಯುವ ಪ್ರವಾಹ ೨೧೦ ಆಂಪಿಯರ್. ಬ್ಯಾಟರಿಯ ಒಳಗೇ ೨.೧ ವೋಲ್ಟು ಕಳೆದು ಮೋಟಾರಿಗೆ ೧೦.೫ ವೋಲ್ಟು ದೊರೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸುಮಾರು ೨,೨೦೦ ವ್ಯಾಟ್. ಮೂರು ಅಶ್ವಶಕ್ತಿಯ ಆಸುಪಾಸು. ಎಂಜಿನು ತಿರುಗುತ್ತದೆ.

ಬ್ಯಾಟರಿಯ ಋಣ ಕಂಬದಿಂದ ಹೊರಟ ದಪ್ಪ ತಂತಿಯನ್ನು ವಾಹನದ ಲೋಹದ ಮೈಗೆ ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಮೆಕ್ಯಾನಿಕರು ಇದನ್ನು ‘ಅರ್ಥ್’ ಎನ್ನುತ್ತಾರೆ. ದೀಪ, ಹಾರನ್ನು, ಸೆಲ್ಫ್ ಮೋಟಾರು ಎಲ್ಲಕ್ಕೂ ಮರಳುವ ದಾರಿ ಇದೊಂದೇ. ಆ ಬೋಲ್ಟಿನಡಿಯಲ್ಲಿ ತುಕ್ಕು, ಗ್ರೀಸು, ಎರೆಮಣ್ಣು ಸೇರಿ ೦.೦೨ ಓಮಿನ ರೋಧ ಬೆಳೆದಿದೆಯೆಂದು ಭಾವಿಸೋಣ. ಓಮಿನ ಐವತ್ತನೆಯ ಒಂದು ಭಾಗ! ಸಾಮಾನ್ಯ ಮೀಟರಿನ ಓಮ್ ಮಾಪನದಲ್ಲಿ ಇದು ಸೊನ್ನೆಯಿಂದ ಬೇರೆಯಾಗಿ ಕಾಣಿಸುವುದೇ ಇಲ್ಲ.

ಹೆಡ್‌ಲೈಟುಗಳು ಹೊತ್ತಿದಾಗ ಹರಿಯುವ ಪ್ರವಾಹ ಸುಮಾರು ೧೦ ಆಂಪಿಯರ್. ಆ ಸಂದಿನಲ್ಲಿ ಕಳೆಯುವುದು ೧೦ × ೦.೦೨, ಎಂದರೆ ೦.೨ ವೋಲ್ಟು ಮಾತ್ರ. ದೀಪಗಳು ಝಗಝಗಿಸುವುದರಲ್ಲಿ ಆಶ್ಚರ್ಯವೇನು? ಆದರೆ ಕೀಲಿಯನ್ನು ತಿರುಗಿಸಿದಾಗ ಒಟ್ಟು ರೋಧ ೦.೦೮ ಓಮ್ ಆಗುತ್ತದೆ. ಪ್ರವಾಹ ೧೫೭ ಆಂಪಿಯರಿಗೆ ಇಳಿಯುತ್ತದೆ. ಸಂದಿನಲ್ಲಿ ೩.೧ ವೋಲ್ಟಿಗೂ ಮಿಕ್ಕು ನಷ್ಟ. ಮೋಟಾರಿಗೆ ದೊರೆಯುವುದು ೭.೯ ವೋಲ್ಟು, ಶಕ್ತಿ ೨,೨೦೦ ವ್ಯಾಟಿನಿಂದ ೧,೨೪೦ ವ್ಯಾಟಿಗೆ ಕುಸಿಯಿತು. ಮುಂಜಾವಿನ ಚಳಿಗೆ ಮಂದವಾದ ಎಣ್ಣೆಯನ್ನೂ, ಡೀಸೆಲ್ ಎಂಜಿನಿನ ಸಿಲಿಂಡರಿನಲ್ಲಿ ಒತ್ತಲ್ಪಡುವ ಗಾಳಿಯ ಪ್ರತಿಭಟನೆಯನ್ನೂ ಗೆಲ್ಲಲು ಇದು ಸಾಲದು. ಮೋಟಾರಿಗೆ ಪ್ರವಾಹ ಕೊಡುವ ಸೊಲೆನಾಯ್ಡ್ ಮಾತ್ರ ‘ಕಟ್’ ಎಂದು ಸೇದಿಕೊಂಡು ಸುಮ್ಮನಾಗುತ್ತದೆ. ಬೋಲ್ಟಿನ ಸಂದಿನಲ್ಲಾದರೋ ೫೦೦ ವ್ಯಾಟಿನಷ್ಟು ಶಕ್ತಿ ಶಾಖವಾಗುತ್ತದೆ. ಕೆಲವು ಸಲ ಯತ್ನಿಸಿದ ಮೇಲೆ ಕೆಟ್ಟ ಸಂದು ಕೈಗೆ ಬಿಸಿಯಾಗಿ ತೋರುವುದು ಇದರಿಂದಲೇ. ಅನುಭವಿಗಳಾದ ಮೆಕ್ಯಾನಿಕರು ಮುಟ್ಟಿ ನೋಡಿ ದೋಷ ಹಿಡಿಯುವುದೂ ಇದರಿಂದಲೇ.

ಮನೆಯ ತಂತಿಗಳಲ್ಲಿ ಇಷ್ಟೇ ರೋಧವಿದ್ದರೆ ನಮಗೆ ತಿಳಿಯುವುದೇ ಇಲ್ಲ. ೨,೨೦೦ ವ್ಯಾಟಿನ ಹೀಟರು ೨೩೦ ವೋಲ್ಟಿನಲ್ಲಿ ಹತ್ತು ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನು ಸೇದುತ್ತದೆ. ಅದೇ ಶಕ್ತಿಯನ್ನು ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಪಡೆಯಬೇಕಾದಾಗ ಇಪ್ಪತ್ತು ಪಟ್ಟು ಪ್ರವಾಹ ಬೇಕು. ರೋಧದಲ್ಲಿ ಶಾಖವಾಗುವ ಶಕ್ತಿಯಾದರೋ ಪ್ರವಾಹದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೋಮೀಟರು ವಿದ್ಯುತ್ತನ್ನು ಸಾಗಿಸಿದಾಗ ಹತ್ತಾರು ಸಾವಿರ ವೋಲ್ಟುಗಳ ಒತ್ತಡವನ್ನು ಬಳಸಿದುದು ಪ್ರವಾಹವನ್ನು ಕಿರಿದುಗೊಳಿಸಿ ಈ ನಷ್ಟವನ್ನು ತಗ್ಗಿಸಲೆಂದೇ. ವಾಹನದ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಒತ್ತಡ ಕಡಿಮೆ, ಪ್ರವಾಹ ಅಪಾರ. ಆದುದರಿಂದಲೇ ಒಂದು ತುಕ್ಕು ಹಿಡಿದ ಬೋಲ್ಟು ಇಡೀ ಯಂತ್ರವನ್ನು ನಿಲ್ಲಿಸಬಲ್ಲದು.

ಮೀಟರು ಸುಳ್ಳು ಹೇಳಿತೆ?

ಮೀಟರು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಲಿಲ್ಲ, ಅಷ್ಟೆ. ಇಂದಿನ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಹನ್ನೆರಡು ವೋಲ್ಟಿಗೆ ಅದು ಸೇದುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಕಿರಿಯ ಪ್ರವಾಹಕ್ಕೆ ದಾರಿಯಲ್ಲಿ ಸಾವಿರ ಓಮಿನ ತಡೆಯಿದ್ದರೂ ನಷ್ಟವಾಗುವುದು ವೋಲ್ಟಿನ ಸಾವಿರದ ಒಂದು ಭಾಗದಷ್ಟು ಮಾತ್ರ. ನೂರು ಎಳೆಗಳ ತಂತಿಯಲ್ಲಿ ತೊಂಬತ್ತೊಂಬತ್ತು ಎಳೆಗಳು ಕಡಿದು ಒಂದೇ ಉಳಿದಿದ್ದರೂ ಮೀಟರು ಪೂರ್ತಿ ಹನ್ನೆರಡು ವೋಲ್ಟನ್ನೇ ತೋರಿಸುತ್ತದೆ. ವಾಲ್ವು ಮುಚ್ಚಿರುವಾಗ ಗೇಜು ನೋಡಿದಂತೆಯೇ ಇದು.

ಹಾಗಾದರೆ ನಿಶ್ಚಲ ಸ್ಥಿತಿಯ ಅಳತೆ ನಿರರ್ಥಕವೆ? ಅದೂ ಅಲ್ಲ. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಶೇಖರವಾಗಿದೆಯೆಂಬುದರ ಅಂದಾಜನ್ನು ಅದು ಕೊಡುತ್ತದೆ. ಕೆಲವು ಗಂಟೆಗಳ ಕಾಲ ಸುಮ್ಮನಿದ್ದ ಬ್ಯಾಟರಿ ಸುಮಾರು ೧೨.೬ ವೋಲ್ಟು ತೋರಿದರೆ ಅದು ಪೂರ್ತಿ ತುಂಬಿದೆ, ೧೨.೨ರ ಹೊತ್ತಿಗೆ ಅರ್ಧ ಬರಿದಾಗಿದೆ, ೧೧.೯ಕ್ಕೆ ಇಳಿದರೆ ಬಹುಮಟ್ಟಿಗೆ ಖಾಲಿ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹನ್ನೆರಡೇ ವೋಲ್ಟು ಬಂದರೆ ಅದು ತೃಪ್ತಿಪಡುವ ಸಂಗತಿಯಲ್ಲವೆಂಬುದನ್ನು ಗಮನಿಸಬೇಕು. ಆದರೆ ತುಂಬಿದ ಕೆರೆಯಿಂದ ಕಾಲುವೆ ಹೂಳಿಲ್ಲದೆ ಇದೆಯೆಂದು ಹೇಗೆ ತಿಳಿಯದೋ, ಹಾಗೆಯೇ ಈ ಅಳತೆಯಿಂದ ದಾರಿಯ ಸ್ಥಿತಿ ತಿಳಿಯದು.

ಪರೀಕ್ಷೆಯ ಕ್ರಮ

ದೋಷವನ್ನು ಹುಡುಕುವಾಗ ಪ್ರವಾಹ ಹರಿಯುತ್ತಿರಬೇಕು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕು ಹಾಕಿ, ಎಂಜಿನು ಚಾಲೂ ಆಗದಂತೆ ಡೀಸೆಲ್ ನಿಲ್ಲಿಸುವ ಗುಂಡಿಯನ್ನು ಎಳೆದಿಟ್ಟು, ಒಬ್ಬನು ಕೀಲಿಯನ್ನು ಕೆಲವೇ ಸೆಕೆಂಡು ತಿರುಗಿಸಬೇಕು. ಮತ್ತೊಬ್ಬನು ಮೀಟರನ್ನು ನೋಡಬೇಕು. ಗಾಲಿ, ಬೆಲ್ಟುಗಳ ಬಳಿ ಯಾರೂ ಇರಕೂಡದು.

ಮೊದಲನೆಯದಾಗಿ, ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯೋಣ. ಕೀಲಿ ತಿರುಗಿಸಿದಾಗ ಇದು ಸುಮಾರು ೯.೬ ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಬರಿದಾಗಿದೆ ಅಥವಾ ಮುದಿಯಾಗಿದೆ; ಇಲ್ಲವೆ ಮೋಟಾರು ಅತಿಯಾಗಿ ಪ್ರವಾಹವನ್ನು ಸೇದುತ್ತಿದೆ. ನಮ್ಮ ಟ್ರ್ಯಾಕ್ಟರಿನಲ್ಲಿ ಇದು ೧೧ ವೋಲ್ಟಿನಲ್ಲಿಯೇ ನಿಲ್ಲುತ್ತದೆ. ಎಂಜಿನು ತಿರುಗದೆಯೂ ಬ್ಯಾಟರಿ ತಲೆಯೆತ್ತಿ ನಿಂತಿದೆಯೆಂದರೆ ಪ್ರವಾಹಕ್ಕೆ ಬೇರೆಲ್ಲೋ ತಡೆಯಿದೆಯೆಂದೇ ಅರ್ಥ.

ಎರಡನೆಯದಾಗಿ, ಮೀಟರಿನ ಒಂದು ಕಡ್ಡಿಯನ್ನು ಋಣ ಕಂಬಕ್ಕೂ ಮತ್ತೊಂದನ್ನು ಎಂಜಿನಿನ ಬಣ್ಣವಿಲ್ಲದ ಲೋಹದ ಭಾಗಕ್ಕೂ ಮುಟ್ಟಿಸೋಣ. ಇವೆರಡೂ ದಪ್ಪ ತಂತಿಯಿಂದ ಕೂಡಿರುವುದರಿಂದ ಇವುಗಳ ನಡುವೆ ವಿಭವಾಂತರ ಇಲ್ಲವೆನ್ನುವಷ್ಟು ಕಡಿಮೆಯಿರಬೇಕು. ಕೀಲಿ ತಿರುಗಿಸಿದಾಗ ೦.೨ ವೋಲ್ಟಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅರ್ಧ ವೋಲ್ಟನ್ನು ಮೀರಿದರೆ ದಾರಿ ಕೆಟ್ಟಿದೆ. ನಮ್ಮಲ್ಲಿ ಮೀಟರು ೩.೧ ವೋಲ್ಟು ತೋರಿಸುತ್ತದೆ. ಕಳ್ಳ ಸಿಕ್ಕಿದನು!

ಮೂರನೆಯದಾಗಿ, ಧನ ಕಂಬಕ್ಕೂ, ಸೊಲೆನಾಯ್ಡಿಗೆ ಬ್ಯಾಟರಿಯ ದಪ್ಪ ತಂತಿ ಬಂದು ಸೇರುವ ಬೋಲ್ಟಿಗೂ ನಡುವೆ ಅಳೆಯಬೇಕು. ಇಲ್ಲಿಯೂ ಅರ್ಧ ವೋಲ್ಟಿನೊಳಗೆ ಇರಬೇಕು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಸುಮ್ಮನಿರುವಾಗ ಹನ್ನೆರಡು ವೋಲ್ಟು ಇರುವುದು ಸಹಜ. ಕೀಲಿ ತಿರುಗಿಸಿದಾಗ ಅದು ವೋಲ್ಟಿನ ಕೆಲವು ದಶಾಂಶಗಳಿಗೆ ಇಳಿಯಬೇಕು. ಇಳಿಯದಿದ್ದರೆ ಅದರ ಒಳಗಿನ ತಾಮ್ರದ ಮುಖಗಳು ಸುಟ್ಟಿರಬಹುದು.

ದೋಷವಿರುವ ಕಡೆ ಯಾವುದೆಂದು ತಿಳಿದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಕಂಬದಿಂದ ಅದರ ಹಿಡಿಕೆಗೆ, ಹಿಡಿಕೆಯಿಂದ ತಂತಿಯ ತುದಿಗೆ, ತುದಿಯಿಂದ ವಾಹನದ ಮೈಗೆ. ಪ್ರತಿ ಸಲವೂ ಕೀಲಿ ತಿರುಗಿಸಿ ನೋಡಿದರೆ ಆ ಮೂರು ವೋಲ್ಟುಗಳು ಎಲ್ಲಿ ಕುಳಿತಿವೆಯೆಂಬುದು ತಾನಾಗಿಯೇ ಗೋಚರಿಸುತ್ತದೆ. ಏನನ್ನೂ ಬಿಚ್ಚದೆ, ಯಾವ ಹೊಸ ಭಾಗವನ್ನೂ ಕೊಳ್ಳದೆ, ಹತ್ತು ನಿಮಿಷಗಳಲ್ಲಿ ಮುಗಿಯುವ ಕೆಲಸವಿದು. ಮಂಕಾಗಿ ಉರಿಯುವ ದೀಪ, ಕ್ಷೀಣವಾಗಿ ಕೂಗುವ ಹಾರನ್ನು, ಇವುಗಳ ಪರೀಕ್ಷೆಯೂ ಹೀಗೆಯೇ. ಅವು ಕೆಲಸ ಮಾಡುತ್ತಿರುವಾಗಲೇ ದಾರಿಯ ಎರಡು ಕೊನೆಗಳ ನಡುವೆ ಅಳೆಯಬೇಕು.

ಎಂಜಿನು ಚಾಲೂ ಆದ ಮೇಲೆ ಮತ್ತೊಮ್ಮೆ ಬ್ಯಾಟರಿಯ ಕಂಬಗಳ ನಡುವೆ ಅಳೆಯುವುದು ಒಳ್ಳೆಯದು. ಆಲ್ಟರ್ನೇಟರು, ಎಂದರೆ ನಮ್ಮ ಜನ ಇಂದಿಗೂ ‘ಡೈನಮೋ’ ಎಂದು ಕರೆಯುವ ಯಂತ್ರ, ಸರಿಯಾಗಿದ್ದರೆ ಸುಮಾರು ೧೩.೮ರಿಂದ ೧೪.೪ ವೋಲ್ಟು ಇರುತ್ತದೆ. ಎಂಜಿನು ಓಡುತ್ತಿದ್ದರೂ ೧೨.೫ನ್ನು ದಾಟದಿದ್ದರೆ ಬ್ಯಾಟರಿ ತುಂಬುತ್ತಿಲ್ಲ. ೧೫ನ್ನು ಮೀರಿದರೆ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರು ಕೆಟ್ಟಿರಬಹುದು. ಆಗ ಬ್ಯಾಟರಿಯ ನೀರು ಬೇಗ ಬೇಗ ಆರುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ವಿಜಯಪುರದ ಬಿಸಿಲೂ ಇದಕ್ಕೆ ಕೂಡಿದರೆ ಬ್ಯಾಟರಿಯ ಆಯುಸ್ಸು ಇನ್ನಷ್ಟು ಕಿರಿದಾಗುತ್ತದೆ. ಆರಿದ ನೀರಿಗೆ ಬದಲಾಗಿ ಭಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಕೊಳವೆ ಬಾವಿಯ ಸವುಳು ನೀರಿನಲ್ಲಿರುವ ಲವಣಗಳು ಸೀಸದ ಫಲಕಗಳನ್ನು ಕೆಡಿಸುತ್ತವೆ.

ಆಂಪಿಯರನ್ನೇ ಅಳೆಯಬೇಕಾದಾಗ

ಇನ್ನೊಂದು ಬಗೆಯ ಕಾಯಿಲೆಗೆ ವೋಲ್ಟಿನ ಅಳತೆಯಿಂದ ಉತ್ತರ ದೊರೆಯದು. ಸಂಜೆ ಚೆನ್ನಾಗಿದ್ದ ವಾಹನ ಎರಡು ದಿನ ನಿಂತರೆ ಬ್ಯಾಟರಿ ಬರಿದಾಗುತ್ತದೆ. ಇಲ್ಲಿ ಎಲ್ಲಿಯೋ ಪ್ರವಾಹ ಸೋರುತ್ತಿದೆ. ಕೀಲಿ ತೆಗೆದು, ಎಲ್ಲವನ್ನೂ ಆರಿಸಿ, ಋಣ ಕಂಬದ ತಂತಿಯನ್ನು ಬಿಚ್ಚಿ, ಆ ತಂತಿಗೂ ಕಂಬಕ್ಕೂ ನಡುವೆ ಆಂಪಿಯರ್ ಮೀಟರನ್ನು ಸೇರಿಸಬೇಕು. ವೋಲ್ಟನ್ನು ಎರಡು ಬಿಂದುಗಳ ನಡುವೆ ಅಳೆಯುತ್ತೇವೆ. ಆಂಪಿಯರನ್ನು ದಾರಿಯನ್ನು ಕಡಿದು, ಮೀಟರನ್ನೇ ದಾರಿಯ ಭಾಗವನ್ನಾಗಿ ಮಾಡಿ ಅಳೆಯುತ್ತೇವೆ. ಗಡಿಯಾರ, ನೆನಪಿನ ಮಂಡಲ ಮುಂತಾದುವುಳ್ಳ ಇಂದಿನ ಕಾರುಗಳಲ್ಲಿ ಆಂಪಿಯರಿನ ನೂರರಲ್ಲಿ ಐದು ಭಾಗದವರೆಗೆ ಸೋರಿಕೆ ಸಹಜ. ವಾಹನ ಪೂರ್ತಿ ‘ನಿದ್ರೆಗೆ’ ಹೋಗಲು ಸ್ವಲ್ಪ ಹೊತ್ತು ಕಾಯಬೇಕಾದೀತು. ಸೋರಿಕೆ ಒಂದು ಆಂಪಿಯರ್ ಇದ್ದರೆ ದಿನಕ್ಕೆ ೨೪ ಆಂಪಿಯರ್–ಗಂಟೆ ವ್ಯಯ. ೬೦ ಆಂಪಿಯರ್–ಗಂಟೆಯ ಬ್ಯಾಟರಿ ಎರಡೂವರೆ ದಿನಗಳಲ್ಲಿ ಬರಿದು. ಆಗ ಫ್ಯೂಜುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಯಾವುದನ್ನು ತೆಗೆದಾಗ ಪ್ರವಾಹ ಇಳಿಯುತ್ತದೆಯೋ ಆ ಶಾಖೆಯಲ್ಲಿ ಸೋರಿಕೆಯಿದೆ.

ಈ ಅಳತೆ ನಡೆಯುವಾಗ ಕೀಲಿಯನ್ನು ತಿರುಗಿಸಲೇಬಾರದು. ಹತ್ತು ಆಂಪಿಯರಿನ ಮೀಟರಿನಲ್ಲಿ ಇನ್ನೂರು ಆಂಪಿಯರ್ ಹರಿದರೆ ಅದರ ಗತಿಯೇನೆಂದು ಹೇಳಬೇಕಾಗಿಲ್ಲ. ಆಂಪಿಯರಿಗೆ ಹೊಂದಿಸಿದ ಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೆ ನೇರವಾಗಿ ಮುಟ್ಟಿಸುವುದೂ ಅಷ್ಟೇ ಅಪಾಯಕರ.

ಎಚ್ಚರಿಕೆಯ ನಾಲ್ಕು ಮಾತುಗಳು

‘ಹನ್ನೆರಡು ವೋಲ್ಟು ಏನು ಮಾಡೀತು!’ ಎಂಬ ಉದಾಸೀನ ಸಲ್ಲದು. ಒಣಗಿದ ಚರ್ಮದ ರೋಧ ಅಧಿಕವಾಗಿರುವುದರಿಂದ ಹನ್ನೆರಡು ವೋಲ್ಟಿನ ಒತ್ತಡ ನಮ್ಮ ಮೈಯಲ್ಲಿ ಹೆಚ್ಚು ಪ್ರವಾಹವನ್ನು ಹರಿಸಲಾರದು; ಇದು ನಿಜ. ಆದರೆ ಅದೇ ಬ್ಯಾಟರಿಯ ಎರಡು ಕಂಬಗಳಿಗೆ ಒಂದು ಸ್ಪ್ಯಾನರು ಅಡ್ಡಬಿದ್ದರೆ ಸಾವಿರ ಆಂಪಿಯರಿನಷ್ಟು ಹರಿದು ಸ್ಪ್ಯಾನರು ಕೆಂಪಗೆ ಕಾದೀತು. ಬೆರಳಿನ ಉಂಗುರ ಸಿಕ್ಕಿದರೆ ಬೆರಳೇ ಸುಟ್ಟೀತು. ಆದುದರಿಂದ ಉಂಗುರ, ಕಡಗ, ಲೋಹದ ಗಡಿಯಾರಗಳನ್ನು ತೆಗೆದಿಡಬೇಕು. ತಂತಿ ಬಿಚ್ಚುವಾಗ ಋಣ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿ ಕೂಡದು. ಎಂಜಿನು ಓಡುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿ ‘ಡೈನಮೋ’ ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಡಬೇಕು. ಆಗ ಒಮ್ಮೆಲೇ ಏರುವ ವೋಲ್ಟೇಜು ಇಂದಿನ ವಾಹನಗಳ ಎಲೆಕ್ಟ್ರಾನಿಕ್ ಭಾಗಗಳನ್ನು ಹಾಳುಮಾಡಬಲ್ಲದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟು ಇರುತ್ತದೆ, ಅವು ಮಾರಕ. ಶಿಕ್ಷಣ ಪಡೆದವರಲ್ಲದೆ ಬೇರೆಯವರು ಅವುಗಳನ್ನು ಮುಟ್ಟಬಾರದು.

ಸೆಲ್ಫನ್ನು ಒಂದೇ ಸಮನೆ ಒತ್ತಿ ಹಿಡಿಯಲೂಬಾರದು. ಅಮೆರಿಕೆಯ ಕೆಟರಿಂಗನು ರೂಪಿಸಿ, ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದ ವಿದ್ಯುತ್ ಸ್ಟಾರ್ಟರಿನ ಗುಟ್ಟೇ ಇದು: ಚಿಕ್ಕ ಮೋಟಾರೊಂದು ತನ್ನ ಅಳವಿಗೆ ಮೀರಿದ ಪ್ರವಾಹವನ್ನು ಕೆಲವೇ ಸೆಕೆಂಡುಗಳ ಕಾಲ ತಾಳಿಕೊಳ್ಳಬಲ್ಲದು. ಹತ್ತು ಸೆಕೆಂಡಿಗೆ ಬಿಟ್ಟು, ಅದು ತಣಿಯಲು ಅವಕಾಶ ಕೊಡಬೇಕು.

ಮತ್ತೆ ಹೊಲದ ಬದುವಿಗೆ

ನಮ್ಮ ವಿದ್ಯಾರ್ಥಿ ಇಷ್ಟನ್ನು ತಿಳಿದಿದ್ದರೆ ಏನು ಮಾಡಿಯಾನು? ಋಣ ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿ, ವಾಹನದ ಮೈಗೆ ಅದು ಸೇರುವ ಬೋಲ್ಟನ್ನು ತೆಗೆದು, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸುತ್ತಾನೆ. ಬ್ಯಾಟರಿಯ ಕಂಬಗಳ ಮೇಲಿನ ಬಿಳಿ–ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ, ಅದು ಬ್ಯಾಟರಿಯ ಒಳಗಿಳಿಯದಂತೆ, ತೊಳೆದು ಒರೆಸಿ, ಹಿಡಿಕೆಗಳನ್ನು ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನು ಸವರುತ್ತಾನೆ. ಮತ್ತೆ ಅಳೆದರೆ ಮೂರು ವೋಲ್ಟು ಇದ್ದಲ್ಲಿ ವೋಲ್ಟಿನ ಒಂದೆರಡು ದಶಾಂಶ. ಕಾಕಾ ಕೀಲಿ ತಿರುಗಿಸಿದರೆ ಎಂಜಿನು ಗುಡುಗುತ್ತದೆ. ಕಬ್ಬು ಕಾರ್ಖಾನೆಯ ದಾರಿ ಹಿಡಿಯುತ್ತದೆ. ಖರ್ಚಾದುದು ಒಂದು ತುಂಡು ಉಪ್ಪುಕಾಗದ.

ವೋಲ್ಟು ಎಂಬುದು ಹರಿಯಬಲ್ಲೆನೆಂಬ ಮಾತು. ಆಂಪಿಯರ್ ಎಂಬುದು ಹರಿದು ತೋರಿದ ಕೃತಿ. ಮಾತನ್ನು ಕೆಲಸದ ಹೊತ್ತಿನಲ್ಲಿ ಪರೀಕ್ಷಿಸಿ ನೋಡುವುದೇ ವಿವೇಕ.

ಅಭ್ಯಾಸ

೧. ಹಳೆಯ ಪೆನ್ಸಿಲ್ ಸೆಲ್ಲೊಂದನ್ನು ತೆಗೆದುಕೊಂಡು ಮೊದಲು ಬರಿದೆ, ಅನಂತರ ಟಾರ್ಚಿನ ಚಿಕ್ಕ ಬಲ್ಬನ್ನು ಜೋಡಿಸಿ, ಅದರ ವೋಲ್ಟನ್ನು ಅಳೆಯಿರಿ. ಹೊಸ ಸೆಲ್ಲಿನೊಡನೆ ಹೋಲಿಸಿ, ವ್ಯತ್ಯಾಸಕ್ಕೆ ಕಾರಣವನ್ನು ಬರೆಯಿರಿ.

೨. ಒಂದು ವಾಹನದ ಎರಡು ಹೆಡ್‌ಲೈಟುಗಳು ಒಟ್ಟು ೧೨೦ ವ್ಯಾಟಿನವು. ೧೨ ವೋಲ್ಟಿನಲ್ಲಿ ಅವು ಸೇದುವ ಪ್ರವಾಹವೆಷ್ಟು? ದಾರಿಯ ಒಂದು ಸಂದಿನಲ್ಲಿ ೦.೧ ಓಮ್ ರೋಧವಿದ್ದರೆ ಅಲ್ಲಿ ಕಳೆಯುವ ವೋಲ್ಟು ಸುಮಾರು ಎಷ್ಟು?

೩. ಅರ್ಧ ಆಂಪಿಯರ್ ಸೋರಿಕೆಯಿರುವ ವಾಹನದಲ್ಲಿ ೮೪ ಆಂಪಿಯರ್–ಗಂಟೆಯ ಬ್ಯಾಟರಿ ಎಷ್ಟು ದಿನಗಳಲ್ಲಿ ಬರಿದಾಗುತ್ತದೆ?

(ಉತ್ತರ: ಎರಡನೆಯದಕ್ಕೆ ೧೦ ಆಂಪಿಯರ್, ಸುಮಾರು ೧ ವೋಲ್ಟು, ಮೂರನೆಯದಕ್ಕೆ ೭ ದಿನ.)